ಜರ್ಮನಿಯ ಉಣ್ಣೆ, ಮುಲುಂಡಿನ ದಣಿವು

ಸಹಾರ್

ವಿದೇಶಕ್ಕೆ ಹೋಗಿಬಂದವರು ವಿಮಾನ ಮೇಲೇರಿದಾಗ ಕಿಟಕಿಯಿಂದ ಕಂಡ ಮುಂಬಯಿಯ ದೀಪಗಳ ಬಗ್ಗೆ ತಪ್ಪದೆ ಬರೆಯುತ್ತಾರೆ. ನಾನು ಆ ದೀಪಗಳನ್ನು ನೋಡಲಿಲ್ಲ. ಸೀಟಿನ ಬೆಲ್ಟು ಕಟ್ಟಿಕೊಂಡದ್ದಷ್ಟೇ ನೆನಪು. ಆಮೇಲೆ ಗಗನಸಖಿ ಭುಜ ತಟ್ಟಿ ಎಬ್ಬಿಸಿದಾಗ ಹೊರಗೆ ಬೆಳಕು ಹರಿದಿತ್ತು, ಊಟ ತಿಂಡಿ ಎರಡೂ ತಪ್ಪಿಹೋಗಿದ್ದವು. ಪಕ್ಕದ ಗುಜರಾತಿ ಮುದುಕರು, "ಬೆಹೆನ್‌ಜಿ, ನಡುವೆ ಒಂದು ಸಲ ನಿಮ್ಮ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ" ಎಂದು ಹಿಂದಿಯಲ್ಲಿ ಹೇಳಿದರು. ತಮಾಷೆಗೆ ಹೇಳಿದ ಹಾಗಿರಲಿಲ್ಲ.

ನಾನು ದಾದರಿನ ಒಂದು ಇಂಜಿನಿಯರಿಂಗ್ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿದ್ದೆ. ಗೇರ್ ಬಾಕ್ಸುಗಳ ನಕ್ಷೆ ಬರೆಯುವುದು ನನ್ನ ಕೆಲಸ. ಕಂಪನಿ ಜರ್ಮನಿಯ ಒಂದು ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅವರ ನಕ್ಷೆ ಓದುವ ಕ್ರಮ ಕಲಿತುಬರಲು ನಮ್ಮ ಹಿರಿಯರೊಬ್ಬರು ಹೋಗಬೇಕಿತ್ತು. ಅವರು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಸರದಿ ನನಗೆ ಬಂತು. ಬರ್ಲಿನ್ನಿನ ಗೋಡೆ ಇನ್ನೂ ನಿಂತಿದ್ದ ಕಾಲ ಅದು. ನಾನು ಹೋದದ್ದು ಪಶ್ಚಿಮ ಜರ್ಮನಿಯ ದಕ್ಷಿಣಕ್ಕೆ, ಕಾಡುಗುಡ್ಡಗಳ ನಡುವಿನ ಒಂದು ಸಣ್ಣ ಊರಿಗೆ.

"ಒಂದೂವರೆ ತಿಂಗಳು ತಾನೆ ಪದ್ಮಾ, ಹೋಗಿ ಬಾ. ನಾನೂ ಸ್ಮಿತಾ ಮ್ಯಾನೇಜ್ ಮಾಡ್ಕೋತೀವಿ," ಎಂದಿದ್ದರು ನನ್ನ ಯಜಮಾನರು. ಅವರ ಹೆಸರು ನಾಗರಾಜ, ಮುಂಬಯಿಯ ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ಕೆಲಸ. ಸ್ಮಿತಾ ನಮ್ಮ ಒಬ್ಬಳೇ ಮಗಳು, ಆಗ ಒಂಬತ್ತನೆಯ ಕ್ಲಾಸು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಸಹಾರ್ ವಿಮಾನ ನಿಲ್ದಾಣದ ಬಾಗಿಲಲ್ಲಿ, "ಮಮ್ಮಿ, ನನಗೆ ಚಾಕ್ಲೇಟ್ ಲಾನಾ. ಔರ್ ತುಮ್ ಥೋಡಾ ಸೋ ಜಾನಾ ಅಲ್ಲಿ," ಎಂದಳು. ಸ್ವಲ್ಪ ಮಲಗಮ್ಮಾ ಎಂದು ಹದಿನಾಲ್ಕು ವರ್ಷದ ಹುಡುಗಿಗೆ ಅನ್ನಿಸಬೇಕಾದರೆ ನನ್ನ ಮುಖ ಹೇಗಿತ್ತೋ.

ಇಳಿಯಲಾಗದ ನಿಲ್ದಾಣ

ಫ್ರಾಂಕ್‌ಫರ್ಟಿನಿಂದ ಆ ಸಣ್ಣ ಊರಿಗೆ ಎರಡು ರೈಲು ಬದಲಾಯಿಸಬೇಕಿತ್ತು. ಮದುವೆಯಾಗಿ ತುಮಕೂರಿನಿಂದ ಮುಂಬಯಿಯ ಮುಲುಂಡಿಗೆ ಬಂದಂದಿನಿಂದ ಲೋಕಲ್ ರೈಲಿನಲ್ಲಿ ಓಡಾಡಿದವಳಿಗೆ ರೈಲಿನ ಭಯವೇ ಎಂದು ಧೈರ್ಯವಾಗಿದ್ದೆ. ನಾನು ಇಳಿಯಬೇಕಾದ ಊರಿನ ಹೆಸರು ಫಲಕದಲ್ಲಿ ಸ್ಪಷ್ಟವಾಗಿ ಕಂಡಿತು. ಪೆಟ್ಟಿಗೆ ಹಿಡಿದು ಬಾಗಿಲ ಮುಂದೆ ನಿಂತೆ. ಬಾಗಿಲು ತೆರೆಯಲಿಲ್ಲ. ನೋಡುತ್ತ ನಿಂತೆ. ರೈಲು ಹೊರಟೇಬಿಟ್ಟಿತು.

ಅಲ್ಲಿ ಬಾಗಿಲ ಪಕ್ಕದ ಗುಂಡಿಯನ್ನು ನಾವೇ ಒತ್ತಬೇಕಂತೆ. ನಮ್ಮ ಲೋಕಲ್ಲಿಗೆ ಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಮೇಲಾಗಿ ಮುಲುಂಡಿನಲ್ಲಿ ನಾನಾಗಿ ಎಂದೂ ಇಳಿದವಳಲ್ಲ. ಹಿಂದಿನವರು ತಳ್ಳುತ್ತಾರೆ, ಮುಂದಿನವರು ಎಳೆಯುತ್ತಾರೆ, ಸೆರಗು ಚೀಲ ಎರಡೂ ಜೊತೆಗಿದ್ದರೆ ಸರಿ, ಪ್ಲಾಟ್‌ಫಾರಂ ಮೇಲೆ ಬಂದು ನಿಂತಿರುತ್ತೇನೆ. ಇಲ್ಲಿ ಇಡೀ ಡಬ್ಬಿಯಲ್ಲಿ ನನ್ನ ಹಿಂದೆ ಒಬ್ಬರೂ ಇರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಒಬ್ಬ ಶಾಲಾಮಾಸ್ತರರಂಥವರು ಗುಂಡಿ ಒತ್ತಿ ಇಳಿಸಿ, ವಾಪಸು ಹೋಗುವ ರೈಲು ಬರುವ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕೂರಿಸಿ ಹೋದರು. ಖಾಲಿ ಬೆಂಚು, ಸುತ್ತ ಸೇಬಿನ ಮರಗಳು. ಅಲ್ಲೂ ನನಗೆ ನಿದ್ದೆ ಹತ್ತಿತು. ಆ ರೈಲೂ ತಪ್ಪಿತು.

ಎರಿಕಾರ ಮನೆ

ಕಾರ್ಖಾನೆಯವರು ನನಗೆ ಕೋಣೆ ಗೊತ್ತುಮಾಡಿದ್ದು ಎರಿಕಾ ಎಂಬ ವಿಧವೆಯ ಮನೆಯಲ್ಲಿ. ಅರವತ್ತು ದಾಟಿದ, ಗಟ್ಟಿ ಮುಂಗೈಯ ಹೆಂಗಸು. ಒಂದು ಕಾಲಕ್ಕೆ ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದರಂತೆ. ಅವರ ಹರಕು ಇಂಗ್ಲಿಷಿಗೆ ನನ್ನ ಆಫೀಸಿನ ಇಂಗ್ಲಿಷು ಸೇರಿ ನಮ್ಮಿಬ್ಬರದೇ ಒಂದು ಭಾಷೆಯಾಗಿತ್ತು. ಇಲ್ಲಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾನು ಕಲಿತ ಮೊದಲ ಜರ್ಮನ್ ಪದ 'ಮ್ಯೂಡೆ'. ದಣಿದಿದ್ದೀಯಾ ಎಂದು ಅರ್ಥ. ಸಂಜೆ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುತ್ತಿದ್ದಂತೆ ಎರಿಕಾ ಅಡುಗೆಮನೆಯಿಂದಲೇ ಕೇಳುತ್ತಿದ್ದರು. ಮೊದಲ ದಿನಗಳಲ್ಲಿ, ನಮ್ಮಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಕೇಳುವಂತೆ ಇದೂ ಬಾಯುಪಚಾರವೆಂದುಕೊಂಡು ಹೌದು ಎಂದುಬಿಟ್ಟೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಬಂದು, ಎಲ್ಲಿ, ಕಾಲಿನಲ್ಲೋ ಕಣ್ಣಿನಲ್ಲೋ, ನಿನ್ನೆ ಎಷ್ಟು ಹೊತ್ತು ಮಲಗಿದೆ ಎಂದು ವಿಚಾರಿಸತೊಡಗಿದರು. ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ನಮ್ಮ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ದಣಿವಾಗಿದೆ ಎಂದರೆ, ಮಳೆಯಲ್ಲಿ ನಿಂತವಳು ಪಕ್ಕದವಳಿಗೆ ನಾನು ಒದ್ದೆ ಎಂದ ಹಾಗಿರುತ್ತದೆ.

ಭಾನುವಾರ ಆ ಊರಿನಲ್ಲಿ ಬಟ್ಟೆ ಒಗೆಯಬಾರದು, ಮೊಳೆ ಹೊಡೆಯಬಾರದು. ನನಗೆ ಇದು ಗೊತ್ತಿರದೆ ಮೊದಲ ಭಾನುವಾರ ಹಿತ್ತಲಿನ ಕಲ್ಲಿನ ಮೇಲೆ ಸೀರೆ ಕುಕ್ಕಿ ಒಗೆದೆ. ಪಕ್ಕದ ಮನೆಯ ಮುದುಕ ಬೇಲಿಯ ತನಕ ಬಂದು ನನ್ನನ್ನೂ ಸೀರೆಯನ್ನೂ ನೋಡಿ ತಲೆ ಅಲ್ಲಾಡಿಸಿ ಹೋದ. ಎರಿಕಾ ನಕ್ಕರು. "ಭಾನುವಾರ ಇಲ್ಲಿ ಒಂದೇ ಕೆಲಸ ಮಾಡಬಹುದು. ನಡೆಯುವುದು."

ಕಾಡಿನ ಭಾನುವಾರ

ನಡೆಯುವುದೆಂದರೆ ಕೈಯಲ್ಲಿ ಕೋಲು ಹಿಡಿದು ಗುಡ್ಡ ಹತ್ತುವುದು. ಎರಿಕಾರ ಜೊತೆ ಅವರ ವಯಸ್ಸಿನ ಗೆಳತಿಯರ ಒಂದು ಗುಂಪಿತ್ತು. ಗುಡ್ಡದ ಮೇಲೆ ಏನಿದೆ ಎಂದು ಕೇಳಿದೆ. ಏನೂ ಇಲ್ಲ ಎಂದರು. ಮೇಲೆ ಒಂದು ದೇವಸ್ಥಾನವೂ ಇಲ್ಲದೆ ಗುಡ್ಡ ಹತ್ತುವ ಜನರನ್ನು ನಾನು ನೋಡಿದ್ದು ಅದೇ ಮೊದಲು. ತುದಿಯಲ್ಲಿ ನಿಜಕ್ಕೂ ಒಂದು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಅದರ ಮೇಲೆ ಕೂತು ಮನೆಯಿಂದ ತಂದ ಕೇಕು ತಿಂದು ಇಳಿದುಬಿಡುವುದು.

ನಾನು ಸೀರೆಯುಟ್ಟು, ಎರಿಕಾ ಕೊಟ್ಟ ಉದ್ದನೆಯ ಕಾಲುಚೀಲ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಹಿಂದಿನಿಂದ ಹೋಗುತ್ತಿದ್ದೆ. ಹೊರಡುವ ಮೊದಲು ಎರಿಕಾ ನನ್ನ ಸೀರೆಯನ್ನು ನೋಡಿ, "ಪ್ಯಾಂಟಿದ್ದರೆ ಒಳ್ಳೆಯದಿತ್ತು, ಹುಲ್ಲಿನಲ್ಲಿ ತ್ಸೆಕೆ ಇರುತ್ತವೆ" ಎಂದಿದ್ದರು. ತ್ಸೆಕೆ ಎಂದರೆ ಏನೆಂದು ಹೊಳೆಯಲಿಲ್ಲ. ಊರಿನ ಔಷಧಿ ಅಂಗಡಿಯ ಗಾಜಿಗೆ ಒಂದು ಹುಳದ ದೊಡ್ಡ ಚಿತ್ರ ಅಂಟಿಸಿದ್ದರು, ಅದನ್ನು ತೋರಿಸಿದರು. ಎಂಟು ಕಾಲು, ಚಪ್ಪಟೆ ಮೈ. ಅದು ನಮ್ಮ ಉಣ್ಣೆ! ತುಮಕೂರಿನಲ್ಲಿ ನಮ್ಮ ಅಜ್ಜಿ ಹಸುವಿನ ಕಿವಿಯಿಂದ ಕಿತ್ತು ಸೀಮೆಎಣ್ಣೆಯ ತಟ್ಟೆಗೆ ಹಾಕುತ್ತಿದ್ದ ಅದೇ ಉಣ್ಣೆ. ಅದಕ್ಕೆ ಇಷ್ಟು ದೊಡ್ಡ ಚಿತ್ರವೇ ಎಂದು ನಗು ಬಂತು.

ಅಂಥ ಒಂದು ಭಾನುವಾರ ಇಳಿಯುವಾಗ ಕಾಲು ಸೋತಿತು. ನೀವು ಮುಂದೆ ನಡೀರಿ, ಬರುತ್ತೇನೆ ಎಂದು ಕೈಸನ್ನೆ ಮಾಡಿ, ದಾರಿ ಪಕ್ಕದ ಹುಲ್ಲಿನಲ್ಲಿ ಕೂತೆ. ಮೊಣಕಾಲುದ್ದದ ತಂಪು ಹುಲ್ಲು, ಮರದೆಲೆಗಳ ನಡುವೆ ಚೂರುಚೂರು ಬಿಸಿಲು. ಕೂತವಳು ಒರಗಿದೆ, ಒರಗಿದವಳು ಮಲಗಿದೆ. ಮುಂಬಯಿಯಲ್ಲಿ ಯಾರ ಕಾಲೂ ತಾಗದ ಹಾಗೆ ನೆಲದ ಮೇಲೆ ಮಲಗುವ ಜಾಗ ನನಗೆ ಎಂದಾದರೂ ಸಿಕ್ಕಿತ್ತೇ? ಎರಿಕಾ ಹೆಸರು ಕೂಗುತ್ತ ಹುಡುಕಿ ಬಂದಾಗ ಬಿಸಿಲು ಆ ಕಡೆಯ ಗುಡ್ಡಕ್ಕೆ ಹೋಗಿತ್ತು.

ಮನೆಗೆ ಬಂದೊಡನೆ ಅವರು, "ಬಟ್ಟೆ ಬಿಚ್ಚು, ಮೈ ನೋಡಬೇಕು" ಎಂದರು. ನಾನು ಗಾಬರಿಯಾಗಿ ಸೆರಗು ಬಿಗಿಹಿಡಿದೆ. ನನ್ನ ಹೆರಿಗೆಯಾದ ಮೇಲೆ ನನ್ನ ಮೈಯನ್ನು ಇನ್ನೊಬ್ಬ ಹೆಂಗಸು ನೋಡಿದ್ದಿಲ್ಲ. ಅವರು ಬಲವಂತ ಮಾಡದೆ ಒಂದು ಕನ್ನಡಿ ಕೊಟ್ಟು ಬಚ್ಚಲಿಗೆ ಕಳಿಸಿದರು. ಮುಂದೆ, ಹಿಂದೆ, ಕಂಡಷ್ಟು ನೋಡಿಕೊಂಡು ಏನೂ ಇಲ್ಲ ಎಂದು ಬಂದೆ.

ಎರಡು ದಿನ ಕಳೆದು ಸ್ನಾನ ಮಾಡುವಾಗ ಎಡಗಾಲ ಮಂಡಿಯ ಹಿಂದೆ, ಮಡಿಕೆಯಲ್ಲಿ, ಕರಿಎಳ್ಳಿನಂಥದ್ದೊಂದು ಕೈಗೆ ಸಿಕ್ಕಿತು. ಒಣಗಿದ ಗಾಯದ ಹಕ್ಕಳೆ ಇರಬೇಕೆಂದು ಉಗುರಿನಿಂದ ಎಬ್ಬಿಸಲು ಹೋದೆ. ಬರಲಿಲ್ಲ. ಕನ್ನಡಿ ಹಿಡಿದು ನೋಡಿದರೆ ಅದಕ್ಕೆ ಕಾಲುಗಳಿದ್ದವು. ನೋವಿಲ್ಲ, ತುರಿಕೆಯಿಲ್ಲ. ಎರಡು ದಿನದಿಂದ ನನ್ನ ರಕ್ತ ಕುಡಿಯುತ್ತಿದ್ದದ್ದು ನನಗೇ ಗೊತ್ತಾಗಿರಲಿಲ್ಲ.

ಈ ಸಲ ನಾನೇ ಸೀರೆ ಎತ್ತಿ ಎರಿಕಾರಿಗೆ ತೋರಿಸಿದೆ. ಅವರು ಅದರ ಮೇಲೆ ಅಡುಗೆ ಎಣ್ಣೆ ಸುರಿದು, ಚಿಮುಟದಿಂದ ತಿರುಚಿ ತಿರುಚಿ ಕಿತ್ತರು. ಕಾರ್ಖಾನೆಯ ನರ್ಸು ಮರುದಿನ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು: ಎಣ್ಣೆ ಹಾಕಲೇಬಾರದು, ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು. ಎಲ್ಲ ಉಣ್ಣೆಗಳಲ್ಲೂ ರೋಗ ಇರುವುದಿಲ್ಲ, ಬೇಗ ಕಿತ್ತರೆ ಅಪಾಯ ಕಡಿಮೆ, ಎರಡು ದಿನ ಸ್ವಲ್ಪ ಹೆಚ್ಚೇ ಆಯಿತು ಎಂದಳು. ಆ ಜಾಗದಲ್ಲಿ ಕೆಂಪು ಬಳೆಯ ಹಾಗೆ ಏನಾದರೂ ಎದ್ದರೆ ತಡಮಾಡದೆ ಡಾಕ್ಟರರ ಹತ್ತಿರ ಹೋಗು ಎಂದೂ ಹೇಳಿದಳು. ನಾನು ಪ್ರತಿದಿನ ಕನ್ನಡಿ ಹಿಡಿದು ನೋಡಿಕೊಂಡೆ. ಏನೂ ಏಳಲಿಲ್ಲ. ಅಷ್ಟರಲ್ಲಿ ಊರಿಗೆ ಹೊರಡುವ ದಿನ ಬಂತು.

ಮುಲುಂಡ್, ಮಳೆಗಾಲ

ನಾನು ಬಂದಿಳಿದಾಗ ಮುಂಬಯಿಯಲ್ಲಿ ಮಳೆ ಹಿಡಿದಿತ್ತು. ಮನೆಯಲ್ಲಿ ಒದ್ದೆ ಬಟ್ಟೆಯ ವಾಸನೆ. ಚಾಕ್ಲೇಟು ಹಂಚಿ, ಎರಿಕಾ, ಕಾಡು, ಕೇಕು ಎಲ್ಲ ಹೇಳಿದೆ. ಉಣ್ಣೆ ಕಚ್ಚಿದ್ದನ್ನೂ ಹೇಳಿದೆ. ಸ್ಮಿತಾ ಕಣ್ಣರಳಿಸಿ, "ಉಣ್ಣೆ ಮೀನ್ಸ್ ವೂಲ್, ನಾ? ವೂಲ್ ಕೈಸೇ ಕಾಟೇಗಾ ಮಮ್ಮಿ?" ಎಂದಳು. ಅವಳಿಗೆ ಗೊತ್ತಿದ್ದದ್ದು ಸ್ವೆಟರಿನ ಉಣ್ಣೆ ಒಂದೇ. ಮೂವರೂ ಬಿದ್ದು ಬಿದ್ದು ನಕ್ಕೆವು.

ನಮ್ಮ ಮನೆಯ ಪಾತ್ರೆ ತೊಳೆಯಲು ಬರುತ್ತಿದ್ದ ಶಾಂತವ್ವ ವಿಜಾಪುರದ ಕಡೆಯವಳು. ಅವಳೂ ಒರಳಿನ ಹತ್ತಿರ ಕೂತು ಕೇಳುತ್ತಿದ್ದಳು. "ಉಣ್ಣಿ ಏನ್ರೀ ಬಾಯಾರ? ನಮ್ಮ ಎಮ್ಮಿಗೆ ದಿನಾ ಕಡೀತಾವ. ಅದಕ್ಕ ವಿಮಾನದಾಗ ಹೋಗಿ ಕಡಿಸ್ಕೊಂಡ್ ಬಂದೀರೇನು!" ಎಂದಳು.

ಕೆಂಪು ಬಳೆಯನ್ನು ಮೊದಲು ಕಂಡವಳು ಸ್ಮಿತಾ. ನಾನು ಸೀರೆ ಎತ್ತಿಕಟ್ಟಿ ಬಾಲ್ಕನಿಗೆ ನುಗ್ಗಿದ ಮಳೆನೀರು ಬಳಿಯುತ್ತಿದ್ದೆ. "ಮಮ್ಮಿ, ಪೈರ್ ಕೇ ಪೀಛೇ ಇದೇನು ಗೋಲ್ ಗೋಲ್?" ಎಡಮಂಡಿಯ ಹಿಂದೆ ಅಂಗೈಯಗಲದ ಕೆಂಪು, ನಡುವೆ ತಿಳಿಯಾಗಿ, ಅಂಚು ಮಾತ್ರ ಗಾಢ. ನರ್ಸಿನ ಮಾತು ನೆನಪಾಗಿ ಆ ಸಂಜೆಯೇ ನಮ್ಮ ಫ್ಯಾಮಿಲಿ ಡಾಕ್ಟರರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ನಮ್ಮ ಮೂರು ಬಿಲ್ಡಿಂಗುಗಳಿಗೂ ಅವರೇ ಗತಿ. ಹೊರಗೆ ಕೆಮ್ಮುವ ಮಕ್ಕಳು, ಜ್ವರದ ಮುದುಕರು, ನೀರಿಳಿಯುವ ಛತ್ರಿಗಳು. ಕಾಲು ನೋಡಿದರು.

"ರಿಂಗ್‌ವರ್ಮ್. ಮಳೆಗಾಲದಲ್ಲಿ ಇಡೀ ಮುಲುಂಡಿಗೆ ಇದೇ," ಎಂದರು ಹಿಂದಿಯಲ್ಲಿ.

"ತುರಿಕೆ ಇಲ್ಲ ಡಾಕ್ಟರ್. ಅಲ್ಲಿ ಒಂದು ಹುಳ ಕಚ್ಚಿತ್ತು..."

"ಯಾವಾಗ?"

"ತಿಂಗಳಾಗ್ತಾ ಬಂತು."

"ತಿಂಗಳ ಹಿಂದೆ ಕಚ್ಚಿದ ಹುಳಕ್ಕೆ ಈಗ ಏಳುತ್ತದೆಯೇ? ಒದ್ದೆ ಬಟ್ಟೆ ಹಾಕಬೇಡಿ. ಈ ಮುಲಾಮು ಹಚ್ಚಿ."

ಅವರ ಮಾತು ನನಗೂ ಸರಿಯೆನಿಸಿತು. ಮುಲಾಮು ಹಚ್ಚಿದೆ. ಬಳೆ ದೊಡ್ಡದಾಯಿತು, ಆಮೇಲೆ ತೆಳುವಾಯಿತು, ಆಮೇಲೆ ಮಾಯವಾಯಿತು. ಮುಲಾಮು ಹಚ್ಚದಿದ್ದರೂ ಅದು ಹಾಗೆಯೇ ಮಾಯವಾಗುತ್ತಿತ್ತು ಎಂದು ತಿಳಿದದ್ದು ಬಹಳ ತಡವಾಗಿ.

ಯಾರೂ ಕೇಳದ ಕಾಯಿಲೆ

ಬಳೆ ಹೋದ ಮೇಲೆ ದಣಿವು ಬಂತು. ಹಳೆಯ ದಣಿವಲ್ಲ. ಹಳೆಯದು ನಿದ್ದೆ ಮಾಡಿದರೆ ಒಂದಿಷ್ಟು ಹೋಗುತ್ತಿತ್ತು. ಇದು ನಿದ್ದೆಯಿಂದಲೇ ಹೊಸದಾಗಿ ಎದ್ದುಬರುತ್ತಿತ್ತು. ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು ಎಡಗೈ ಯಾವುದು ಬಲಗೈ ಯಾವುದು ಎಂದು ಯೋಚಿಸುವಂತಾಗುತ್ತಿತ್ತು. ಕತ್ತು ಬಿಗಿ. ಸಂಜೆ ಸಣ್ಣ ಜ್ವರ. ಮಂಡಿ ಒಂದು ವಾರ ನೋಯುವುದು, ಇನ್ನೊಂದು ವಾರ ಸುಮ್ಮನಿರುವುದು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದೆ, ಹಿಂದಿನ ಜನ "ಚಲಾ ಬಾಯಿ, ಚಲಾ" ಎಂದು ಮರಾಠಿಯಲ್ಲಿ ಗದರುತ್ತಿದ್ದರು.

ಮುಂಬಯಿಯಲ್ಲಿ ದಣಿವನ್ನು ಕಾಯಿಲೆಯೆಂದು ಯಾರು ಒಪ್ಪುತ್ತಾರೆ? ಡಾಕ್ಟರರು ಬಿ-ಕಾಂಪ್ಲೆಕ್ಸ್ ಬರೆದರು, ಆಮೇಲೆ ಕಬ್ಬಿಣದ ಟಾನಿಕ್ಕು. ಆಫೀಸಿನಲ್ಲಿ, ಫಾರಿನ್ನಿಗೆ ಹೋಗಿ ಬಂದವರಿಗೆ ಲೋಕಲ್ ಹಿಡಿಸುವುದು ನಿಧಾನ ಎಂದು ನಕ್ಕರು. ನನ್ನ ಬೋರ್ಡಿನ ಮೇಲಿನ ಗೆರೆಗಳು ನಡುಗತೊಡಗಿದವು. ಅಳಿಸಿ ಬರೆದು, ಅಳಿಸಿ ಬರೆದು ಹಾಳೆ ಹರಿಯುತ್ತಿತ್ತು. ಜರ್ಮನಿಯಿಂದ ಕಲಿತುಬಂದವಳು ಕಲಿತದ್ದು ಇದೇನಾ ಎಂದು ನಮ್ಮ ಮುಖ್ಯಸ್ಥರು ಎದುರಿಗೇ ಕೇಳಿದರು. ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವ ಮಾತು ನಡೆಯುತ್ತಿದೆಯೆಂದೂ ಗೊತ್ತಾಯಿತು.

ಒಂದು ದಿನ ಶಾಂತವ್ವನಿಗೆ, "ಇವತ್ತು ಪಾತ್ರೆ ಜೊತೆ ನೆಲಾನೂ ಒರೆಸಿಬಿಡೇ, ನನ್ನ ಕೈಲಿ ಆಗ್ತಿಲ್ಲ, ತುಂಬಾ ದಣಿವು" ಎಂದೆ. ಅವಳು ಬಟ್ಟೆ ಹಿಂಡುತ್ತ, "ನನಗೂ ಭಾಳ ದಣಿವಾಗೇದರಿ. ನಾ ಯಾವ ಫಾರಿನ್ನಿಗೆ ಹೋಗಿದ್ನಿ?" ಎಂದಳು. ವ್ಯಂಗ್ಯವೇನಿರಲಿಲ್ಲ, ಇದ್ದದ್ದನ್ನು ಹೇಳಿದಳು. ನೆಲ ಒರೆಸಿಯೇ ಹೋದಳು.

ನಮ್ಮ ಯಜಮಾನರ ವಿಷಯ ಹೇಳುವುದು ಕಷ್ಟ. ಅವರೂ ಮುಲುಂಡಿನಿಂದ ವಿ.ಟಿ. ಸ್ಟೇಷನ್ನಿಗೆ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುವವರು. ನಾನಿಲ್ಲದಾಗ ಅಡುಗೆ, ಹಾಲು, ರೇಷನ್ನು ಎಲ್ಲ ನೋಡಿಕೊಂಡವರು. ನಾನು ಬಂದ ಮೇಲಾದರೂ ಉಸಿರು ಬಿಡಬಹುದು ಎಂದುಕೊಂಡಿದ್ದರೇನೋ. ನಾನು ಬಂದವಳೇ ಮಲಗಿದೆ. ಒಂದು ಸಂಜೆ ಅವರು ಬಂದಾಗ ಅನ್ನಕ್ಕೂ ಇಟ್ಟಿರಲಿಲ್ಲ.

"ಪದ್ಮಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅಲ್ಲಿಂದ ಬಂದ್ಮೇಲೆ ನಿಂಗೆ ಇಲ್ಲಿ ಯಾವುದೂ ಹಿಡಿಸ್ತಿಲ್ಲ."

"ಹಾಗಲ್ಲರೀ. ನನ್ನ ಕೈಲಿ ಆಗ್ತಿಲ್ಲ."

"ಯಾರ್ ಕೈಲಿ ಆಗುತ್ತೆ ಹೇಳು? ನನ್ ಕೈಲಿ ಆಗುತ್ತಾ?"

ಅವರು ಕೂಗಾಡಲಿಲ್ಲ. ತಾವೇ ಕುಕ್ಕರ್ ಇಟ್ಟರು. ಅದರ ಶಿಳ್ಳೆ ಕೇಳುತ್ತ ಮಲಗಿದ್ದ ನನಗೆ, ಅವರು ಹೇಳಿದ್ದೇ ನಿಜವಿರಬಹುದೇ ಎನ್ನಿಸಿತು. ಆ ತಂಪು ಹುಲ್ಲಿನಲ್ಲಿ ಮಲಗಿ ಬಂದವಳಿಗೆ ಈ ಮನೆ, ಈ ರೈಲು, ಈ ಜನ ಬೇಡವಾಗಿದೆಯೇ? ಕಾಯಿಲೆಯೆಂಬುದು ನಾನು ಕಟ್ಟಿಕೊಂಡ ನೆಪವೇ? ದೇಹ ಸೋತದ್ದಕ್ಕಿಂತ ನನ್ನ ಮೇಲೆ ನನಗೇ ನಂಬಿಕೆ ಹೋದದ್ದು ಹೆಚ್ಚು ಕಾಡಿತು. ಆಮೇಲೆ ನಾನು ಯಾರಿಗೂ ದಣಿವೆಂದು ಹೇಳುವುದನ್ನು ಬಿಟ್ಟೆ. ನಮ್ಮಿಬ್ಬರ ನಡುವೆ ಮಾತೂ ಕಡಿಮೆಯಾಯಿತು.

ಬಿ ಫಾರ್ ಬೊರಿವಲಿ

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ತಾನಾಗಿ ಸೋರಿತು. ಕನ್ನಡಿಯಲ್ಲಿ ನೋಡಿದರೆ ಮುಖದ ಎಡಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚಲು ಹೋದರೆ ಮುಚ್ಚುತ್ತಿಲ್ಲ. ನಾನು ಕೂಗಿದ ಸದ್ದಿಗೆ ಬಂದ ಸ್ಮಿತಾ ನನ್ನ ಮುಖ ನೋಡಿ, "ಪಪ್ಪಾ!" ಎಂದು ಕಿರುಚಿ ಅಳತೊಡಗಿದಳು.

ಪಕ್ಕದ ಮನೆಯವರೆಲ್ಲ ಲಕ್ವ ಎಂದೇ ಹೇಳಿದರು. ಯಜಮಾನರು ಟ್ಯಾಕ್ಸಿಯಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಅಲ್ಲಿ ನೋಡಿದವರು ಡಾಕ್ಟರ್ ಮಿಸ್ತ್ರಿ ಎಂಬ ಪಾರ್ಸಿ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು. ಕೈಕಾಲು ಎತ್ತಿಸಿ, ಹುಬ್ಬು ಏರಿಸಿ ಎಂದು ನೋಡಿ, ಇದು ಲಕ್ವ ಅಲ್ಲ, ಮುಖದ ನರ ಒಂದೇ ಸೋತಿದೆ ಎಂದರು. ಮಂಡಿ ಯಾಕೆ ಊದಿದೆ ಎಂದು ಕೇಳಿದರು. ಆಗಲೇ ನಾವಿಬ್ಬರೂ ಗಮನಿಸಿದ್ದು. ಮಂಡಿ ಚಿಪ್ಪು ಕಾಣದಷ್ಟು ಊದಿತ್ತು.

"ಮುಖ, ಮಂಡಿ, ಜ್ವರ. ಎಲ್ಲ ಒಟ್ಟಿಗೆ ಯಾಕೆ?" ಎಂದು ಅವರು ತಮಗೇ ಹೇಳಿಕೊಂಡರು. "ಇತ್ತೀಚೆಗೆ ಏನಾದರೂ ಕಚ್ಚಿತ್ತೇ? ಎಲ್ಲಾದರೂ ಹೋಗಿದ್ದಿರೇ?"

ನಾನು ಸೊಟ್ಟ ಬಾಯಲ್ಲಿ ಕಾಡು, ಉಣ್ಣೆ, ಕೆಂಪು ಬಳೆ ಎಲ್ಲ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಆ ಊರಿನಲ್ಲಿ ಇದಕ್ಕೆ ಏನನ್ನುತ್ತಾರೆ? ಅಲ್ಲಿಯ ಡಾಕ್ಟರರು ಯಾವ ಔಷಧಿ ಕೊಡುತ್ತಾರೆ? ಕೇಳಲು ಯಾರಾದರೂ ಇದ್ದಾರೆಯೇ? ನಾನೂ ಪುಸ್ತಕ ತೆಗೆಯುತ್ತೇನೆ. ಓದಿದ್ದೇನೆ, ಒಬ್ಬರನ್ನೂ ನೋಡಿಲ್ಲ."

ಆ ಮಧ್ಯಾಹ್ನ ಯಜಮಾನರು ನನ್ನ ಹತ್ತಿರವಿದ್ದ ನಂಬರು ಬರೆದುಕೊಂಡು ಸ್ಟೇಷನ್ನಿನ ಎದುರಿನ ಐಎಸ್‌ಡಿ ಬೂತಿಗೆ ಹೋದರು. ತಾವು ಕಂಡಿರದ, ಹೆಸರು ಮಾತ್ರ ಕೇಳಿದ್ದ ಎರಿಕಾರಿಗೆ ಫೋನು ಹಚ್ಚಿದರು. ಹೇಗೆ ಮಾತಾಡಿದೆ ಎಂದು ಅವರೇ ಆಮೇಲೆ ನನಗೆ ಹೇಳಿದ್ದು. ಲೈನಿನಲ್ಲಿ ಬರೀ ಕೊರಕೊರ. ಇವರು ಬ್ಯಾಂಕಿನ ಇಂಗ್ಲಿಷಿನಲ್ಲಿ, "ಮೇಡಂ, ದಿಸ್ ಈಸ್ ಪದ್ಮಾಸ್ ಹಸ್ಬೆಂಡ್" ಎಂದು ಶುರುಮಾಡಿದರಂತೆ. ಆ ಕಡೆಯಿಂದ ಬಂದದ್ದು ಒಂದೇ ಪದ, ಮತ್ತೆ ಮತ್ತೆ: "ರಿಂಗ್? ರೆಡ್ ರಿಂಗ್?"

"ಎಸ್, ರೆಡ್ ರಿಂಗ್! ನೌ ಫೇಸ್ ಆಲ್ಸೋ!" ಎಂದು ಇವರು ಕೂಗಿದರಂತೆ. ಎರಿಕಾ ಏನೋ ಒಂದು ಹೆಸರು ಹೇಳಿದರು. ಇವರಿಗೆ ಕೇಳಿಸಲಿಲ್ಲ. ಒಂದೊಂದೇ ಅಕ್ಷರ ಹೇಳಿ ಎಂದರು. ಎರಿಕಾ ಹೇಳಿದ್ದನ್ನು ಇವರು ತಿರುಗಿ ಕೂಗಿ ಖಾತ್ರಿ ಮಾಡಿಕೊಳ್ಳುತ್ತಿದ್ದರು: "ಬಿ ಫಾರ್ ಬೊರಿವಲಿ? ಓ ಫಾರ್ ಆರೆಂಜ್? ಆರ್ ಫಾರ್ ರೈಲ್ವೇ?" ನಮ್ಮ ಮುಂಬಯಿಯ ಬೊರಿವಲಿ ಯಾವ ದೇಶದಲ್ಲಿದೆಯೋ ಆ ಹೆಂಗಸಿಗೇನು ಗೊತ್ತು? ಬೂತಿನವನೂ, ಸರದಿಯಲ್ಲಿ ನಿಂತವರೂ ಸುಮ್ಮನೆ ಕೇಳುತ್ತಿದ್ದರಂತೆ. ಅಕ್ಷರ ಕೂಡಿಸಿ ಬಂದ ಹೆಸರು ಬೊರೆಲಿಯೋಸೆ. ಕೊನೆಗೆ ಎರಿಕಾ, "ಪೆನಿಸಿಲಿನ್. ಮೆನಿ, ಮೆನಿ ಪೆನಿಸಿಲಿನ್" ಎಂದು ಹೇಳಿ, ಲೈನು ಕಡಿಯುವ ಮುನ್ನ ಅತ್ತರಂತೆ.

ಆಸ್ಪತ್ರೆಯ ಹಾಸಿಗೆ

"ಇಂಗ್ಲಿಷಿನಲ್ಲಿ ಇದಕ್ಕೆ ಲೈಮ್ ಡಿಸೀಸ್ ಅನ್ನುತ್ತಾರೆ," ಎಂದರು ಡಾಕ್ಟರ್ ಮಿಸ್ತ್ರಿ, ಆ ಹೆಸರು ಕೇಳಿದೊಡನೆ.

"ಲೈಮ್ ಅಂದ್ರೆ ನಿಂಬೆಹಣ್ಣು?" ಎಂದರು ಯಜಮಾನರು.

"ಅಮೆರಿಕದ ಒಂದು ಊರಿನ ಹೆಸರು. ಅಲ್ಲಿ ಮೊದಲು ಗುರುತಿಸಿದರಂತೆ." ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ನೋಡಿ, ಇದನ್ನು ಖಚಿತ ಮಾಡುವ ರಕ್ತಪರೀಕ್ಷೆ ನಮ್ಮಲ್ಲಿಲ್ಲ. ಇದೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ನೀವು ಹೇಳಿದ್ದಕ್ಕೂ ಪುಸ್ತಕದಲ್ಲಿರುವುದಕ್ಕೂ ಹೊಂದುತ್ತದೆ. ಔಷಧಿ ಶುರುಮಾಡೋಣ. ಇನ್ನೊಂದು ಮಾತು. ನಿಮ್ಮ ದಣಿವೂ ಇದರದ್ದೇ ಇರಬೇಕು. ಸೋಮಾರಿತನ ಅಲ್ಲ, ಮನಸ್ಸಿನದ್ದೂ ಅಲ್ಲ."

ಮುಖ ಸೊಟ್ಟಗಾದಾಗ ಬಾರದ ಅಳು ಆಗ ಬಂತು. ಮುಚ್ಚಲಾರದ ಎಡಗಣ್ಣಿನಿಂದ ಮೊದಲೇ ನೀರು ಇಳಿಯುತ್ತಿದ್ದುದರಿಂದ ಯಾವುದು ಅಳು ಎಂದು ಡಾಕ್ಟರರಿಗೆ ತಿಳಿದಿರಲಿಕ್ಕಿಲ್ಲ. ಯಜಮಾನರಿಗೆ ತಿಳಿಯಿತು. ಅವರು ಕಿಟಕಿಯ ಕಡೆ ಹೋಗಿ ಸುಮಾರು ಹೊತ್ತು ಕೆಳಗಿನ ರಸ್ತೆ ನೋಡುತ್ತ ನಿಂತರು.

ಪೆನಿಸಿಲಿನ್ನನ್ನು ನರದ ಮೂಲಕ ಹನಿಹನಿಯಾಗಿ ಕೊಟ್ಟರು. ವಾರಗಟ್ಟಲೆ. ಸೂಜಿ ಚುಚ್ಚಿದಲ್ಲೆಲ್ಲ ಕೈ ನೀಲಿಗಟ್ಟಿತು. ಶುರುವಾದ ದಿನ ಜ್ವರ ಏರಿ ನಡುಕ ಬಂದು, ಔಷಧಿಯೇ ಕೊಲ್ಲುತ್ತದೆಯೋ ಎಂದುಕೊಂಡೆ. ಆಮೇಲೆ ಇಳಿಯಿತು. ಒಂದು ಮಧ್ಯಾಹ್ನ ಸ್ಮಿತಾ ಸ್ಕೂಲಿನ ಯೂನಿಫಾರಂನಲ್ಲೇ ಬಂದು ಏನೋ ಹೇಳಿ ನಗಿಸಿದವಳು ತಟ್ಟನೆ ನನ್ನ ಮುಖವನ್ನೇ ನೋಡಿದಳು. "ಮಮ್ಮಿ, ಇಸ್ ಸೈಡ್ ಭೀ ಆಯಾ! ನಗು ಬಂತು ಈ ಕಡೆನೂ!" ನನ್ನ ಎಡಗೆನ್ನೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಶಾಂತವ್ವನೂ ಒಂದು ದಿನ ರೊಟ್ಟಿ ಕಟ್ಟಿಕೊಂಡು ಬಂದಳು. ಹಾಸಿಗೆಯ ಅಂಚಿನಲ್ಲಿ ಕೂರಲು ಹಿಂಜರಿದು ನೆಲದ ಮೇಲೇ ಕೂತಳು. ನಾನು ಮೇಲೆ ಕೂರು ಎಂದೆ. ಕೂತವಳು ಬಾಟಲಿಯಿಂದ ಇಳಿಯುವ ಹನಿಗಳನ್ನೇ ನೋಡುತ್ತ, "ಹಿಂಗ ಸುಮ್ನ ಮಲಗಿದ್ರ ದಣಿವು ಹೋಗತದೇನ್ರೀ ಬಾಯಾರ?" ಎಂದು ಕೇಳಿದಳು. ಔಷಧಿಯಿಂದ ಹೋಗುತ್ತದಂತೆ ಎಂದೆ. "ಎಲ್ಲಾರ ದಣಿವಿಗೂ ಅಲ್ಲೇನು?" ಎಂದಳು. ಅಲ್ಲ ಎನ್ನಬೇಕಾಯಿತು.

ಸ್ಲೋ ಲೋಕಲ್

ಮಂಡಿಯ ಊತ ಪೂರ್ತಿ ಇಳಿಯಲು ಚಳಿಗಾಲ ಬಂತು. ದಣಿವು ಒಂದೇ ಸಲ ಬಿಟ್ಟುಹೋಗಲಿಲ್ಲ. ಮನೆ ಬಿಡಲೊಲ್ಲದ ನೆಂಟರ ಹಾಗೆ ಹೊರಟು, ಬಾಗಿಲಲ್ಲಿ ನಿಂತು, ಮತ್ತೆ ಒಳಬಂದು ಕೂರುತ್ತಿತ್ತು. ಈಗಲೂ ಕೆಲವು ದಿನ ಬರುತ್ತದೆ. ಅದು ಉಣ್ಣೆಯದೋ ಮುಂಬಯಿಯದೋ ಎಂದು ಬೇರ್ಪಡಿಸಿ ಹೇಳಲು ನನಗೆ ಬರುವುದಿಲ್ಲ. ಡಾಕ್ಟರ್ ಮಿಸ್ತ್ರಿಯವರಿಗೂ ಬರುವುದಿಲ್ಲ, ಹಾಗೆಂದು ಅವರು ಬಾಯಿಬಿಟ್ಟು ಒಪ್ಪಿಕೊಂಡರು. ಜರ್ಮನಿಯ ಕೆಲಸ ನನ್ನ ಕೈತಪ್ಪಿತ್ತು. ಬೇರೊಬ್ಬರು ಅದನ್ನು ಮಾಡುತ್ತಿದ್ದರು. ನನಗೆ ಹಳೆಯ ನಕ್ಷೆಗಳನ್ನು ತಿದ್ದುವ ಕೆಲಸ ಕೊಟ್ಟರು. ಬೇಸರವಾಯಿತು, ಜಗಳಕ್ಕೆ ಶಕ್ತಿಯಿರಲಿಲ್ಲ.

ಕೆಲಸಕ್ಕೆ ತಿರುಗಿ ಹೋದ ಮೊದಲ ದಿನ ಯಜಮಾನರು ನನ್ನ ಜೊತೆಗೇ ಮನೆಯಿಂದ ಹೊರಟರು. ಇಷ್ಟು ವರ್ಷ ಒಂದೇ ರೈಲಿನಲ್ಲಿ ಹೋಗುತ್ತಿದ್ದರೂ ಅವರು ಜೆಂಟ್ಸ್ ಡಬ್ಬಿ ನಿಲ್ಲುವ ಜಾಗಕ್ಕೆ ಓಡುತ್ತಿದ್ದರು, ನಾನು ಲೇಡೀಸ್ ಕಡೆಗೆ. ಆ ದಿನ ಅವರು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. ಫಾಸ್ಟ್ ಲೋಕಲ್ ಬಂತು. ಬಾಗಿಲ ತುಂಬ ಜನ ಜೋತುಬಿದ್ದಿದ್ದರು. ನಾನು ಅಭ್ಯಾಸಬಲದಿಂದ ಏಳಹೋದೆ. ಅವರು ನನ್ನ ಮೊಣಕೈ ಹಿಡಿದರು.

"ಕೂತ್ಕೋ. ಬಿಡು ಇದನ್ನ."

ಅದು ಹೋಯಿತು. ಇನ್ನೊಂದು ಬಂತು. ಅದನ್ನೂ ಬಿಟ್ಟೆವು.

"ನಿಮಗೆ ಲೇಟಾಗುತ್ತಲ್ಲರೀ," ಎಂದೆ.

"ಆಗ್ಲಿ."

"ಬ್ಯಾಂಕಲ್ಲಿ ಏನಂತಾರೆ?"

ಅವರ ಕಣ್ಣ ಕೆಳಗಿನ ಕಪ್ಪನ್ನು ಆಗ ಹತ್ತಿರದಿಂದ ನೋಡಿದೆ. ಇವರೂ ಎಷ್ಟು ಸೋತಿದ್ದಾರೆ ಎಂದು ನಾನೂ ಈ ಆರು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ದೂರದಲ್ಲಿ, ನೂಕು ಕಡಿಮೆಯಿರುವ ಸ್ಲೋ ಲೋಕಲ್ಲಿನ ಹಳದಿ ಮೂತಿ ಕಂಡಿತು. ಪ್ಲಾಟ್‌ಫಾರಂ ಮೇಲಿನವರು ಸೆರಗು, ಚೀಲ ಬಿಗಿದುಕೊಂಡು ಅಂಚಿಗೆ ಸರಿದರು. ಯಜಮಾನರು ತಲೆಯನ್ನು ಹಿಂದಿನ ಕಂಬಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು. ಉಸಿರು ನಿಧಾನವಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ರೈಲು ಬಂದು ನಿಂತಿತು, ಜನ ಹತ್ತಿದರು, ಇಳಿದರು. ನಾನು ಅವರನ್ನು ಎಬ್ಬಿಸಲಿಲ್ಲ.